ಸೊನ್ನೆ ಬೈಟಿನ ಫೈಲುಗಳು

2009ರ ಜನವರಿಯಲ್ಲಿ ಉಬುಂಟು ಲಿನಕ್ಸ್‌ನ ದೋಷಪಟ್ಟಿಗೆ 317781ನೇ ದೂರು ಸೇರಿತು. ಇನ್ನೂ ಪರೀಕ್ಷೆಯಲ್ಲಿದ್ದ 9.04ನೇ ಆವೃತ್ತಿಯನ್ನು ಹೊಸ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಮೇಲೆ ಹಾಕಿಕೊಂಡಿದ್ದ ಬಳಕೆದಾರರೊಬ್ಬರ ಕಂಪ್ಯೂಟರ್, ಡೆಸ್ಕ್‌ಟಾಪ್ ತೆರೆದುಕೊಂಡ ಬೆನ್ನಲ್ಲೇ ಕ್ರ್ಯಾಶ್ ಆಗಿತ್ತು. ಮತ್ತೆ ಆನ್ ಮಾಡಿ ನೋಡಿದರೆ, ಅದಕ್ಕೆ ಸ್ವಲ್ಪ ಮುಂಚೆ ಪ್ರೋಗ್ರಾಂಗಳು ಬರೆದಿದ್ದ ಫೈಲುಗಳ ಹೆಸರುಗಳೇನೋ ಇದ್ದವು, ಒಳಗೆ ಏನೂ ಇರಲಿಲ್ಲ. ಗಾತ್ರ ಸೊನ್ನೆ ಬೈಟ್. ಇಂಥದೇ ಅನುಭವವಾದ ಇತರರೂ ಅದೇ ದೂರಿನ ಕೆಳಗೆ ಬರೆಯತೊಡಗಿದರು.

ಇದರ ಬೇರು ಇಎಕ್ಸ್‌ಟಿ4ರ ಹಿಂದಿನ ಪೀಳಿಗೆಯಲ್ಲಿದೆ. 2001ರ ಕೊನೆಗೆ ಲಿನಕ್ಸ್‌ನ ತಿರುಳಾದ ಕರ್ನೆಲ್ ಸೇರಿದ ಇಎಕ್ಸ್‌ಟಿ3 ‘ಜರ್ನಲ್’ ಇಡುತ್ತಿತ್ತು. ವ್ಯಾಪಾರಿ ಖಾತೆಗೆ ಏರಿಸುವ ಮುನ್ನ ಚಿಟ್ಟಾದಲ್ಲಿ ಗೀಚಿಕೊಳ್ಳುವಂತೆ, ಫೈಲಿನ ಹೆಸರು, ಗಾತ್ರ, ಜಾಗ ಮುಂತಾದ ವಿವರಗಳಲ್ಲಿ ಆಗುವ ಬದಲಾವಣೆಯನ್ನು ಮೊದಲು ಅಲ್ಲಿ ದಾಖಲಿಸುವುದು ಅದರ ಕ್ರಮ. ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಜರ್ನಲ್ ಡಿಸ್ಕಿಗೆ ಹೋಗುತ್ತಿತ್ತು. ಅದಕ್ಕೂ ಮೊದಲು ಆ ಫೈಲುಗಳ ಒಳಗಿನ ಮಾಹಿತಿ ಡಿಸ್ಕ್ ಸೇರಿರಬೇಕೆಂಬುದು ಅದರ ಡಿಫಾಲ್ಟ್ ನಿಯಮವಾಗಿತ್ತು. ಹೀಗಾಗಿ ಪ್ರೋಗ್ರಾಂ ಬರೆಯುವವರಿಗೆ ಒಂದು ಅಭ್ಯಾಸ ಅಂಟಿತು. ಹೊಸ ಮಾಹಿತಿಯನ್ನು ತಾತ್ಕಾಲಿಕ ಫೈಲಿಗೆ ಬರೆಯುವುದು, ಆಮೇಲೆ ಅದಕ್ಕೆ ಹಳೆಯ ಫೈಲಿನ ಹೆಸರಿಡುವುದು. ಕರೆಂಟು ಹೋದರೂ ಹಳೆಯದೋ ಹೊಸದೋ, ಯಾವುದಾದರೊಂದು ಪೂರ್ತಿಯಾಗಿ ಸಿಗುತ್ತಿತ್ತು. ಸಿಗಲೇಬೇಕೆಂದು ಯಾವ ಮಾನದಂಡವೂ ಹೇಳಿರಲಿಲ್ಲ ಎಂಬುದು ಹೆಚ್ಚಿನವರಿಗೆ ಹೊಳೆದಿರಲಿಲ್ಲ.

2008ರ ಡಿಸೆಂಬರ್‌ನಲ್ಲಿ ಬಂದ 2.6.28ನೇ ಕರ್ನೆಲ್‌ನಲ್ಲಿ ಇಎಕ್ಸ್‌ಟಿ4 ಬಳಕೆಗೆ ಸಿದ್ಧವೆಂದು ಘೋಷಣೆಯಾಯಿತು. ಅದು ಮಾಹಿತಿಗೆ ಡಿಸ್ಕಿನಲ್ಲಿ ಜಾಗ ಗೊತ್ತುಮಾಡುವ ಕೆಲಸವನ್ನೇ ಮುಂದೂಡುತ್ತಿತ್ತು. ಲಾಭ ಸಣ್ಣದಲ್ಲ: ಫೈಲು ಎಷ್ಟು ದೊಡ್ಡದೆಂದು ತಿಳಿದ ಮೇಲೆ ಒಂದೇ ಕಡೆ ಜಾಗ ಕೊಡಬಹುದು, ಬೇಗ ಅಳಿಸಿಹೋಗುವ ತಾತ್ಕಾಲಿಕ ಫೈಲುಗಳನ್ನು ಬರೆಯುವ ಗೋಜೇ ಇರುವುದಿಲ್ಲ. ಆದರೆ ಜಾಗವೇ ಗೊತ್ತಾಗದ ಮಾಹಿತಿಗಾಗಿ ಜರ್ನಲ್ ಕಾಯುತ್ತಿರಲಿಲ್ಲ. ಹೆಸರಿನ ಬದಲಾವಣೆ 5 ಸೆಕೆಂಡಿನಲ್ಲಿ ಡಿಸ್ಕ್ ಸೇರಿದರೆ, ಒಳಗಿನ ಮಾಹಿತಿ ಮೆಮೊರಿಯಲ್ಲೇ ಅರ್ಧ ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಉಳಿಯುತ್ತಿತ್ತು. ಈ ನಡುವೆ ಕಂಪ್ಯೂಟರ್ ನಿಂತರೆ ಹಳೆಯ ಫೈಲೂ ಇಲ್ಲ, ಹೊಸದೂ ಇಲ್ಲ.

ಇಎಕ್ಸ್‌ಟಿ4ರ ಹೊಣೆ ಹೊತ್ತಿದ್ದ ಥಿಯೋಡೋರ್ ತ್ಸೋ ದೂರಿನ ಕೆಳಗೇ ವಿವರವಾಗಿ ಉತ್ತರಿಸಿದರು. ಮಾಹಿತಿ ಡಿಸ್ಕಿಗೆ ತಲುಪಿದೆಯೆಂಬ ಖಾತ್ರಿ ಬೇಕಾದ ಪ್ರೋಗ್ರಾಂ ‘ಎಫ್‌ಸಿಂಕ್’ ಆಜ್ಞೆ ಕೊಡಬೇಕು. ಕೊಡದಿದ್ದರೆ ತಪ್ಪು ಪ್ರೋಗ್ರಾಮಿನದು ಎಂಬುದು ಅವರ ವಾದ. ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗಿರುವ ಪಾಸಿಕ್ಸ್ ಮಾನದಂಡದ ಪ್ರಕಾರ ಅದು ಸರಿಯೇ. ಆದರೆ ಇಎಕ್ಸ್‌ಟಿ3ರಲ್ಲಿ ಒಂದು ಫೈಲಿಗೆ ಎಫ್‌ಸಿಂಕ್ ಮಾಡಿದರೆ ಉಳಿದ ಫೈಲುಗಳ ಮಾಹಿತಿಯೂ ಜೊತೆಗೆ ಡಿಸ್ಕಿಗೆ ಹೋಗಬೇಕಾಗಿ ಬರುತ್ತಿತ್ತು. 2008ರಲ್ಲಿ ಫೈರ್‌ಫಾಕ್ಸ್ 3 ಪದೇ ಪದೇ ಹಾಗೆ ಮಾಡಿ ಕಂಪ್ಯೂಟರನ್ನೇ ತಡವರಿಸುವಂತೆ ಮಾಡಿದ್ದು ಎಲ್ಲರ ನೆನಪಿನಲ್ಲಿತ್ತು. ನಿನ್ನೆಯವರೆಗೆ ಆ ಆಜ್ಞೆ ಬೇಡವೆಂದು ಕಲಿತವರಿಗೆ ಇವತ್ತು ಅದನ್ನು ಬಿಟ್ಟದ್ದೇ ಅಪರಾಧವೆಂದರೆ ಸಿಟ್ಟು ಬರದೆ ಇದ್ದೀತೆ?

ತ್ಸೋ ವಾದ ಮಾಡಿ ಸುಮ್ಮನಾಗಲಿಲ್ಲ, ಪ್ಯಾಚ್ ಕೂಡ ಬರೆದರು. ಇರುವ ಫೈಲಿನ ಹೆಸರನ್ನು ಹೊಸ ಫೈಲಿಗೆ ಕೊಟ್ಟಾಗ, ಇಲ್ಲವೇ ಇರುವ ಫೈಲನ್ನು ಬರಿದುಮಾಡಿ ಮತ್ತೆ ಬರೆದಾಗ, ಇಎಕ್ಸ್‌ಟಿ4 ಅದನ್ನು ಗುರುತಿಸಿ ಜಾಗದ ತೀರ್ಮಾನವನ್ನು ಮುಂದೂಡದೆ ಆಗಲೇ ಮುಗಿಸುತ್ತದೆ. 2009ರ ಜೂನ್‌ನ 2.6.30ನೇ ಕರ್ನೆಲ್‌ನಲ್ಲಿ ಇದು ಡಿಫಾಲ್ಟ್ ಆಗಿ ಸೇರಿತು. ಉಬುಂಟು ಅದಕ್ಕೂ ಮೊದಲೇ ತನ್ನ ಕರ್ನೆಲ್‌ಗೆ ಪ್ಯಾಚ್ ಹಾಕಿಕೊಂಡಿತ್ತು. ಕಡತದಲ್ಲಿ ದೂರು ಬಗೆಹರಿಯಿತು. ಆದರೆ ಇದು ಊಹೆಯ ಮೇಲೆ ನಡೆಯುವ ರಿಯಾಯಿತಿ, ಭರವಸೆಯಲ್ಲ. ಮೊದಲು ಇಲ್ಲದ ಹೆಸರನ್ನು ಹೊಸ ಫೈಲಿಗೆ ಕೊಟ್ಟರೆ ಈ ರಕ್ಷಣೆ ಅನ್ವಯಿಸುವುದಿಲ್ಲ.

ಹೊಣೆ ಯಾರದೆಂಬ ಪ್ರಶ್ನೆ ಹಾಗೆಯೇ ಉಳಿಯಿತು. ಡೆಬಿಯನ್ ಲಿನಕ್ಸ್‌ನಲ್ಲಿ ಪ್ಯಾಕೇಜ್ ಹಾಕುವ ಪ್ರೋಗ್ರಾಂ 2010ರಲ್ಲಿ ಎಫ್‌ಸಿಂಕ್ ಸೇರಿಸಿಕೊಂಡಾಗ ಕೆಲಸ ನಿಧಾನವಾಯಿತೆಂಬ ಗೊಣಗಾಟ ಶುರುವಾಯಿತು. ಆ ಆಜ್ಞೆಯನ್ನೇ ನಿಷ್ಕ್ರಿಯಗೊಳಿಸುವ ಪುಟ್ಟ ಲೈಬ್ರರಿಯೊಂದರ ಮೊರೆಹೋದವರೂ ಇದ್ದರು. 2014ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಜನಪ್ರಿಯವಾದ 11 ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಕ್ರ್ಯಾಶ್ ಆದರೆ ಮಾಹಿತಿ ಕೆಡಬಹುದಾದ 60 ದೌರ್ಬಲ್ಯಗಳು ಸಿಕ್ಕವು. ಫೈಲ್ ಸಿಸ್ಟಮ್ ಕೊಡದ ಭರವಸೆಯನ್ನು ಕೊಟ್ಟಿದೆಯೆಂದು ನಂಬಿದ್ದೇ ಅವುಗಳ ಮೂಲ.

2018ರ ಮಾರ್ಚ್‌ನಲ್ಲಿ ಅದೇ ಜಗಳ ಇನ್ನೊಂದು ಬಾಗಿಲಿನಿಂದ ಬಂತು. ಈ ಸಲ ಎಫ್‌ಸಿಂಕ್ ಮಾಡಿದವರೇ ಸಿಕ್ಕಿಬಿದ್ದಿದ್ದರು. ಡಿಸ್ಕಿಗೆ ಬರೆಯುವುದು ವಿಫಲವಾದರೆ ಎಫ್‌ಸಿಂಕ್ ಒಮ್ಮೆ ದೋಷ ವರದಿ ಮಾಡುತ್ತದೆ. ಅಷ್ಟರಲ್ಲಿ ಕರ್ನೆಲ್ ಆ ಮಾಹಿತಿಯನ್ನು ‘ಬರೆದಾಯಿತು’ ಎಂದು ಗುರುತು ಮಾಡಿಕೊಂಡಿರುತ್ತದೆ. ಎರಡನೆಯ ಸಲ ಕೇಳಿದರೆ ಯಶಸ್ಸೆಂಬ ಉತ್ತರ. ಮರುಪ್ರಯತ್ನ ಸಾಕೆಂದು ವರ್ಷಗಟ್ಟಲೆ ನಂಬಿದ್ದ ಪೋಸ್ಟ್‌ಗ್ರೆಸ್ ಡೇಟಾಬೇಸ್ ಆ ಉತ್ತರ ಕೇಳಿ, ಕಳೆದುಹೋದ ಮಾಹಿತಿಯನ್ನು ಮತ್ತೆ ಕಟ್ಟಿಕೊಡಬಲ್ಲ ತನ್ನ ಲಾಗ್ ಅನ್ನೂ ಕೈಬಿಡುತ್ತಿತ್ತು. 2019ರ ಫೆಬ್ರವರಿಯ ಆವೃತ್ತಿಗಳಿಂದ ಅದು ಇಂಥ ದೋಷ ಕಂಡೊಡನೆ ತಾನೇ ಕುಸಿದು, ಮತ್ತೆ ಎದ್ದಾಗ ಲಾಗ್ ನೋಡಿ ಮಾಹಿತಿಯನ್ನು ಸರಿಪಡಿಸಿಕೊಳ್ಳುತ್ತದೆ. ವಿಫಲವಾದ ಮಾಹಿತಿಯನ್ನು ಉಳಿಸಿಟ್ಟುಕೊಳ್ಳುವ ಹೊಣೆಯನ್ನು ಕರ್ನೆಲ್‌ನವರು ಒಪ್ಪಿಕೊಳ್ಳಲಿಲ್ಲ: ಕಿತ್ತುಹಾಕಿದ ಪೆನ್‌ಡ್ರೈವ್‌ಗೆ ಹೋಗಬೇಕಿದ್ದ ಮಾಹಿತಿಯನ್ನು ಮೆಮೊರಿಯಲ್ಲಿ ಎಷ್ಟು ಹೊತ್ತು ಹೊತ್ತುಕೊಂಡಿರುವುದು ಎಂಬುದು ಅವರ ಮರುಪ್ರಶ್ನೆಯಾಗಿತ್ತು.