ಕಿಲ್ಟ್: ಊರಲ್ಲಿ ಅಪರಾಧ, ಸೈನ್ಯದಲ್ಲಿ ಸಮವಸ್ತ್ರ

ಕಿಲ್ಟ್ ತೊಟ್ಟ ಸ್ಕಾಟಿಷ್ ಸೈನಿಕರ ಪರೇಡ್ ನೋಡಿ 'ಏನ್ರೀ ಇದು, ಲಂಗ!' ಅಂತ ನಗುವವರಿದ್ದಾರೆ. ಆದರೆ ಅದರ ಹಿಂದಿನ ಕಥೆ ನಗುವಂಥದ್ದಲ್ಲ.

1746ರಲ್ಲಿ ಕಲೋಡನ್ ಕದನದಲ್ಲಿ ಜಾಕೋಬೈಟ್ ಬಂಡಾಯ ಮುರಿದುಬಿತ್ತು. ಅದೇ ವರ್ಷ ಬ್ರಿಟಿಷ್ ಸಂಸತ್ತು, ಸ್ಕಾಟ್ಲೆಂಡಿನ ಗಂಡಸರು ಕಿಲ್ಟ್ ತೊಡಬಾರದೆಂದು ಕಾನೂನು ತಂದಿತು. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳು ಜೈಲು, ಮತ್ತೆ ಸಿಕ್ಕಿದರೆ 7 ವರ್ಷ ಕಡಲಾಚೆಗೆ ಗಡೀಪಾರು.

ತಮಾಷೆ ಏನು ಗೊತ್ತಾ? ರಾಜನ ಸೈನಿಕರಿಗೆ ಮಾತ್ರ ವಿನಾಯಿತಿ! ಬ್ಲ್ಯಾಕ್ ವಾಚ್ ರೆಜಿಮೆಂಟಿನಲ್ಲಿ ಕಿಲ್ಟೇ ಸಮವಸ್ತ್ರ. ಅಂದರೆ ಬಂಡಾಯಗಾರನ ಮಗ ಅಪ್ಪನ ಉಡುಗೆ ಉಡಬೇಕೆಂದರೆ, ಅಪ್ಪನನ್ನು ಸೋಲಿಸಿದ ರಾಜನಿಗೇ ದುಡಿಯಬೇಕು.

1782ರಲ್ಲಿ ಕಾನೂನು ರದ್ದಾಯಿತು. 1940ರಲ್ಲಿ ಕಿಲ್ಟನ್ನು ರಣರಂಗದಿಂದ ಹಿಂತೆಗೆದರು, ಪರೇಡಿನಲ್ಲಿ ಉಳಿಯಿತು. ಉಡುಗೆಯನ್ನು ಉಳಿಸಿದ್ದು ಸೈನ್ಯ, ನಿಜ. ಆದರೆ ಅದಕ್ಕೆ ತೆತ್ತ ಬೆಲೆಯನ್ನು ಮರೆಯಬಾರದು ಅಂತ ನನಗನ್ನಿಸುತ್ತೆ. ನೀವೇನಂತೀರಿ?