ಜಿಂಕೆ ಬೇಟೆಗೆ ಯಾವ ರೈಫಲ್, ಯಾವ ಕ್ಯಾಲಿಬರ್? ಥಾಣೆ, ಡೊಂಬಿವಲಿ ಕನ್ನಡಿಗರು ಮೊದಲು ತಿಳಿಯಬೇಕಾದ ಸಂಗತಿಗಳು

ಯೂಟ್ಯೂಬ್‌ನಲ್ಲಿ ಜಿಂಕೆ ಬೇಟೆಯ ರೈಫಲ್ ಎಂದು ಹುಡುಕಿದರೆ ಅಮೆರಿಕದ ವಿಡಿಯೋಗಳು ಸಾಲುಗಟ್ಟಿ ಬರುತ್ತವೆ. .243 ಸಾಕೇ, .308 ಬೇಕೇ, .30-06 ಹೆಚ್ಚಾಯಿತೇ ಎಂಬ ಚರ್ಚೆಗೆ ಕೊನೆಯೇ ಇಲ್ಲ. ಅದನ್ನು ನೋಡಿ ಥಾಣೆ, ಕಲ್ಯಾಣ್ ಕಡೆಯ ಹುಡುಗರು ಕೇಳುವ ಪ್ರಶ್ನೆಗೆ ಉತ್ತರ ಒಂದೇ ಸಾಲಿನದು: ಭಾರತದಲ್ಲಿ ಜಿಂಕೆ ಬೇಟೆಗೆ ಕಾನೂನು ಒಪ್ಪುವ ರೈಫಲ್ ಇಲ್ಲ, ಕ್ಯಾಲಿಬರ್ ಕೂಡ ಇಲ್ಲ. ಆದರೆ ಊರಿನ ಮನೆಯಲ್ಲಿ ಅಪ್ಪನದೋ ಅಜ್ಜನದೋ ಕೋವಿ ಇರುವ ಕುಟುಂಬಗಳು ಈ ಭಾಗದಲ್ಲಿ ಇವೆ. ಅವರಿಗೆ ಈ ಒಂದು ಸಾಲು ಸಾಲದು.

ಗುಂಡು ತಗುಲದಿದ್ದರೂ ಅಪರಾಧ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸುತ್ತದೆ. ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ, ಕೃಷ್ಣಮೃಗ ಎಲ್ಲಕ್ಕೂ ರಕ್ಷಣೆ ಇದೆ. ಕೊಲ್ಲುವುದಷ್ಟೇ ಬೇಟೆ ಎಂದುಕೊಂಡವರೇ ಹೆಚ್ಚು. ಕಾಯ್ದೆಯ ಪ್ರಕಾರ ಉರುಳು ಹಾಕುವುದು, ವಿಷ ಇಡುವುದು, ಆಮಿಷ ಒಡ್ಡುವುದು, ಸೋವು ಮಾಡಿ ಓಡಿಸುವುದು, ಗಾಯಗೊಳಿಸುವುದು ಎಲ್ಲವೂ ಬೇಟೆಯೇ. ಪ್ರಯತ್ನ ಮಾಡಿದರೂ ಸಾಕು, ಕೇಸು ಬೀಳುತ್ತದೆ. ಏರ್‌ಗನ್‌ನಲ್ಲಿ ಹೊಡೆದರೂ ಅಷ್ಟೇ.

2022ರ ತಿದ್ದುಪಡಿಯ ನಂತರ ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಒಂದನೇ ಪರಿಚ್ಛೇದದ ಪ್ರಾಣಿಯಾದರೆ ಅಥವಾ ಬೇಟೆ ನಡೆದದ್ದು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದ ಒಳಗಾದರೆ ಕನಿಷ್ಠ 3, ಗರಿಷ್ಠ 7 ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. 1998ರ ಕೃಷ್ಣಮೃಗ ಪ್ರಕರಣದಲ್ಲಿ ನಟ ಸಲ್ಮಾನ್ ಖಾನ್‌ಗೆ ಜೋಧಪುರ ನ್ಯಾಯಾಲಯ 5 ವರ್ಷ ಶಿಕ್ಷೆ ವಿಧಿಸಿದ್ದು 2018ರ ಏಪ್ರಿಲ್‌ನಲ್ಲಿ, ಅಂದರೆ ಸುಮಾರು 20 ವರ್ಷದ ಬಳಿಕ. ಅದರ ವಿರುದ್ಧ ಮೇಲ್ಮನವಿ ಸಲ್ಲಿಕೆಯಾಗಿದೆ.

ಥಾಣೆಯ ವಿಷಯವೇ ಬೇರೆ

ಇಲ್ಲಿನವರಿಗೆ ಕಾಡು ದೂರದಲ್ಲಿಲ್ಲ. ಯೇವೂರ್ ಬೆಟ್ಟ ಹತ್ತಿದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಸುಮಾರು 104 ಚದರ ಕಿಲೋಮೀಟರ್‌ನ ಈ ಕಾಡಿನಲ್ಲಿ ಚುಕ್ಕೆ ಜಿಂಕೆ, ಕಡವೆ ಇವೆ. ಅವನ್ನೇ ನಂಬಿಕೊಂಡ ಚಿರತೆಗಳೂ ಇವೆ. ಕಾಡಿನಲ್ಲಿ ಜಿಂಕೆ ಕಡಿಮೆಯಾದರೆ ಚಿರತೆ ನಾಯಿ ಹುಡುಕಿಕೊಂಡು ಬಡಾವಣೆಗೆ ಇಳಿಯುತ್ತದೆ, ಇದು ಘೋಡ್‌ಬಂದರ್ ರಸ್ತೆಯ ನಿವಾಸಿಗಳಿಗೆ ವಿವರಿಸಬೇಕಾದ ಮಾತಲ್ಲ.

ಬಂದೂಕು ಲೈಸೆನ್ಸ್‌ಗೆ ಅರ್ಜಿ ಹಾಕುವ ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ನಿಯಮವಿದೆ. ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದ 10 ಕಿಲೋಮೀಟರ್ ಸುತ್ತಳತೆಯಲ್ಲಿ ಹೊಸ ಬಂದೂಕು ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ವಾರ್ಡನ್ ಅವರ ಮುಂಚಿತ ಒಪ್ಪಿಗೆ ಬೇಕು. ರಾಷ್ಟ್ರೀಯ ಉದ್ಯಾನಕ್ಕೂ ಇದು ಅನ್ವಯ. ಥಾಣೆ ನಗರಕ್ಕೆ ಯೇವೂರ್ ಕಾಡು ಅಂಟಿಕೊಂಡಿದೆ. ಐರೋಲಿಯ ಪಕ್ಕದ ಥಾಣೆ ಕೊಲ್ಲಿಯೇ 2015ರಿಂದ ಫ್ಲೆಮಿಂಗೊ ಅಭಯಾರಣ್ಯ. ಪನ್ವೇಲ್ ಬಳಿ ಕರ್ನಾಳಾ ಪಕ್ಷಿಧಾಮ. ಡೊಂಬಿವಲಿ, ಕಲ್ಯಾಣ್ ಸ್ವಲ್ಪ ಆಚೆ ಇರುವುದರಿಂದ ವಿಳಾಸ ನೋಡಿ ಅಳೆಯಬೇಕಾಗುತ್ತದೆ. ಅರ್ಜಿ ಮಾತ್ರ ಥಾಣೆ ಪೊಲೀಸ್ ಕಮಿಷನರ್ ಕಚೇರಿಗೇ ಹೋಗಬೇಕು, ನವಿ ಮುಂಬೈಗೆ ಪ್ರತ್ಯೇಕ ಕಮಿಷನರೇಟ್ ಇದೆ.

ಹಾಗಾದರೆ ಆ ನಂಬರ್‌ಗಳ ಅರ್ಥವೇನು?

ಕ್ಯಾಲಿಬರ್ ಎಂದರೆ ನಳಿಗೆಯ ಒಳ ಅಗಲ, ಇಂಚಿನ ಲೆಕ್ಕದಲ್ಲಿ. .22 ಎಂದರೆ ಸುಮಾರು 5.6 ಮಿಲಿಮೀಟರ್. ತೋಟಾ ಕೋವಿಯ '12 ಬೋರ್' ಲೆಕ್ಕ ಹಳೆಯದು: ನಳಿಗೆಗೆ ಸರಿಹೊಂದುವ ಸೀಸದ ಉಂಡೆ ಒಂದು ಪೌಂಡ್‌ಗೆ 12 ಬಂದರೆ ಅದು 12 ಬೋರ್.

ಬೇಟೆಗೆ ಅನುಮತಿ ಇರುವ ದೇಶಗಳಲ್ಲೂ ಇದು ಶೋಕಿಯ ಆಯ್ಕೆಯಲ್ಲ. ಪ್ರಾಣಿ ಗಾಯಗೊಂಡು ನರಳಬಾರದು, ಒಂದೇ ಈಡಿಗೆ ಸಾಯಬೇಕು ಎಂಬುದಕ್ಕಾಗಿ ಕಾನೂನೇ ಕನಿಷ್ಠ ಮಿತಿ ಹಾಕಿದೆ. ಇಂಗ್ಲೆಂಡ್‌ನ 1991ರ ಜಿಂಕೆ ಕಾಯ್ದೆಯಲ್ಲಿ ದೊಡ್ಡ ಜಾತಿಯ ಜಿಂಕೆಗಳಿಗೆ .240 ಇಂಚಿಗಿಂತ ಸಣ್ಣ ರೈಫಲ್ ಬಳಸುವಂತಿಲ್ಲ, ಗುಂಡಿನ ಶಕ್ತಿ 1,700 ಫುಟ್-ಪೌಂಡ್, ಅಂದರೆ ಸುಮಾರು 2,300 ಜೂಲ್‌ಗಿಂತ ಕಡಿಮೆ ಇರುವಂತಿಲ್ಲ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಸಿಗುವ .177 ಏರ್ ರೈಫಲ್‌ನ ಮಿತಿ 20 ಜೂಲ್! ಅದು ಹತ್ತು ಮೀಟರ್ ದೂರದ ಕಾಗದಕ್ಕೆ ಮಾಡಿದ್ದು.

ಅಮೆರಿಕದ ವಿಡಿಯೋಗಳ ಅಚ್ಚುಮೆಚ್ಚಿನ .308 ನ್ಯಾಟೊ ಸೇನೆಗಳ 7.62 ಮಿಲಿಮೀಟರ್ ಗುಂಡಿನ ಅವಳಿ. ಸೇನೆಯ ಗುಂಡು ಹಿಡಿಯುವ ರೈಫಲ್‌ಗಳು ಭಾರತದಲ್ಲಿ 'ನಿಷೇಧಿತ ಬೋರ್'. ಹಳೆಯ .303 ಕೂಡ ಅದೇ ಪಟ್ಟಿಯಲ್ಲಿದೆ. ಆದ್ದರಿಂದಲೇ ನಮ್ಮ ಸರ್ಕಾರಿ ಕಾರ್ಖಾನೆಗಳು ನಾಗರಿಕರಿಗಾಗಿ .315 ಸ್ಪೋರ್ಟಿಂಗ್ ರೈಫಲ್ ತಯಾರಿಸಿದವು. .22 ಮತ್ತು .30-06 ಕೂಡ ಇವೆ. ಹೆಸರಿನಲ್ಲಿ 'ಸ್ಪೋರ್ಟಿಂಗ್' ಇದೆ ಎಂದು ಬೇಟೆಗೆ ಪರವಾನಗಿ ಸಿಕ್ಕಂತಲ್ಲ. .22 ಸಣ್ಣದು ಎಂದು ಹಗುರವಾಗಿ ನೋಡುವವರು ಗುಂಡಿನ ಡಬ್ಬಿ ಓದಬೇಕು: ಒಂದೂವರೆ ಮೈಲಿವರೆಗೆ ಹೋಗಬಲ್ಲದು, ಜೋಕೆ ಎಂದು ಬರೆದಿರುತ್ತದೆ. ಯೇವೂರ್‌ನಿಂದ ಅಷ್ಟು ದೂರದಲ್ಲಿ ಏನೇನಿದೆ ಎಂದು ಮ್ಯಾಪ್ ತೆರೆದು ನೋಡಿ.

ಗುರಿ ಹಿಡಿಯುವ ಆಸೆಯೇ ನಿಜವಾದರೆ ಅದಕ್ಕೆ ದಾರಿ ಇದೆ. ವರ್ಲಿಯಲ್ಲಿ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್‌ನ ರೇಂಜ್ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಲಾಪುರದ ಸ್ವಪ್ನಿಲ್ ಕುಸಾಳೆ 50 ಮೀಟರ್ ವಿಭಾಗದಲ್ಲಿ ಕಂಚು ಗೆದ್ದದ್ದು ಇದೇ .22ರಲ್ಲಿ.

ಊರಿನ ಕೋವಿ ಏನಾಗಬೇಕು?

ಮಲೆನಾಡು, ಕರಾವಳಿಯ ಮನೆಗಳಲ್ಲಿರುವುದು ಹೆಚ್ಚಾಗಿ ಒಂಟಿ ಅಥವಾ ಜೋಡಿ ನಳಿಗೆಯ ತೋಟಾ ಕೋವಿ, ಇಲ್ಲವೇ ಹಳೆಯ ಕೇಪಿನ ಕೋವಿ. ಲೈಸೆನ್ಸ್ ಬೆಳೆ ರಕ್ಷಣೆಗೆ ಎಂದಿದ್ದರೆ ಅದು ತೋಟ ಕಾಯಲು ಮಾತ್ರ. ಭತ್ತದ ಗದ್ದೆಗೆ ಜಿಂಕೆ ನುಗ್ಗಿದರೂ ಹೊಡೆಯುವಂತಿಲ್ಲ. ಬೆಳೆ ಹಾನಿ ಮಾಡುವ ಪ್ರಾಣಿಯನ್ನು ಕೊಲ್ಲಲು ಅರಣ್ಯ ಅಧಿಕಾರಿಯ ಲಿಖಿತ ಆದೇಶ ಬೇಕು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ 2029ರ ಅಕ್ಟೋಬರ್ 31ರವರೆಗೆ ವಿನಾಯಿತಿ ಇದೆ. ಆ ವಿನಾಯಿತಿಯೂ ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ.

ಅಪ್ಪ ತೀರಿಕೊಂಡ ಮೇಲೆ ಕೋವಿಯನ್ನು ಅಟ್ಟದಲ್ಲೇ ಬಿಟ್ಟು ಮಕ್ಕಳು ಡೊಂಬಿವಲಿಗೆ ವಾಪಸಾಗುವುದುಂಟು. ತೊಡಕು ಶುರುವಾಗುವುದೇ ಇಲ್ಲಿ. ಲೈಸೆನ್ಸ್ ವ್ಯಕ್ತಿಯ ಹೆಸರಿನದು, ಮನೆಯದಲ್ಲ. ಆತ ಇಲ್ಲವಾದ ಮೇಲೆ ಕೋವಿ ಮನೆಯಲ್ಲಿದ್ದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅದು ಅಕ್ರಮ. 21ನೇ ಸೆಕ್ಷನ್‌ನಂತೆ ತಡಮಾಡದೆ ಹತ್ತಿರದ ಠಾಣೆಗೆ ಅಥವಾ ಲೈಸೆನ್ಸ್ ಇರುವ ಕೋವಿ ಅಂಗಡಿಗೆ ಒಪ್ಪಿಸಬೇಕು. ಬೇಕೆಂದರೆ ಕಾನೂನುಬದ್ಧ ವಾರಸುದಾರರಾಗಿ ನಿಮ್ಮ ಹೆಸರಿಗೆ ಹೊಸ ಲೈಸೆನ್ಸ್ ಕೇಳಬಹುದು. ಅದಕ್ಕೆ ಇತರ ವಾರಸುದಾರರ ಒಪ್ಪಿಗೆ ಪತ್ರ ಜೊತೆಗಿಡುವುದು ಒಳ್ಳೆಯದು. 2019ರ ತಿದ್ದುಪಡಿಯಿಂದ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸ್ ಅವಧಿ 5 ವರ್ಷ.

ಊರಿನ ಕೋವಿಯನ್ನು ಕಾರಿನ ಡಿಕ್ಕಿಯಲ್ಲಿಟ್ಟು ಥಾಣೆಗೆ ತರುವ ಯೋಚನೆ ಬೇಡ. ಲೈಸೆನ್ಸ್ ಯಾವ ಜಿಲ್ಲೆ, ಯಾವ ರಾಜ್ಯಕ್ಕೆ ಸಲ್ಲುತ್ತದೆ ಎಂಬುದು ಅದರಲ್ಲೇ ನಮೂದಾಗಿರುತ್ತದೆ, ಗಡಿ ದಾಟುವ ಮೊದಲು ಅದನ್ನು ವಿಸ್ತರಿಸಿಕೊಳ್ಳಬೇಕು. ಠಾಣೆಗೆ ಒಪ್ಪಿಸುವವರು ಕೋವಿಯ ನಂಬರ್, ಉಳಿದ ತೋಟಾಗಳ ಲೆಕ್ಕ ಬರೆಸಿದ ರಸೀದಿ ಪಡೆದು ಅದರ ಫೋಟೋ ಮೊಬೈಲ್‌ನಲ್ಲಿಟ್ಟುಕೊಳ್ಳಿ. ಹೊಸ ಲೈಸೆನ್ಸ್‌ಗೆ ಅರ್ಜಿ ಹಾಕುವಾಗ ಬೇಕಾಗುವ ಮೊದಲ ಕಾಗದ ಅದೇ.