ಚಿತ್ರಪಟವೂ ಕಥಕನ ಧ್ವನಿಯೂ

ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿರುವ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಪ್ರಾರ್ಥನಾಮಂದಿರವನ್ನು ಹೊಕ್ಕವರು ಮೊದಲು ತಲೆಯೆತ್ತಿ ನೋಡುವರು. ಅನಂತರ ಪಕ್ಕದವರನ್ನು ‘ಇದು ಯಾರ ಕಥೆ?’ ಎಂದು ಕೇಳುವರು. ಇಟಲಿಯ ಬೆರ್ಗಮೊ ಸೀಮೆಯವನಾದ ಅಂತೋನಿಯೋ ಮೊಸ್ಕೇನಿ ಎಂಬ ಜೆಸುಯಿಟ್ ಸೋದರನು ೧೮೯೯ರಿಂದ ೧೯೦೧ರ ವರೆಗೆ ಅದರ ಗೋಡೆಗಳನ್ನೂ ಒಳಛಾವಣಿಯನ್ನೂ ಚಿತ್ರಗಳಿಂದ ತುಂಬಿದನು. ರಾಜಭೋಗವನ್ನು ತೊರೆದ ತರುಣ ಅಲೋಶಿಯಸ್ ಗೊನ್ಸಾಗನ ಜೀವನವೂ, ರೋಮಿನಲ್ಲಿ ಆತನು ಪ್ಲೇಗು ಪೀಡಿತರಿಗೆ ಮಾಡಿದ ಶುಶ್ರೂಷೆಯೂ ಅಲ್ಲಿ ಚಿತ್ರಿತವಾಗಿವೆ. ಕಥೆಯನ್ನು ಬಲ್ಲವನಿಗೆ ಚಿತ್ರವೇ ಸಾಕು. ಅರಿಯದವನಿಗೆ ಹೇಳುವವನೊಬ್ಬನು ಬೇಕು. ಚಿತ್ರಕ್ಕೂ ಅದನ್ನು ವಿವರಿಸುವ ಧ್ವನಿಗೂ ಇರುವ ಈ ಸಂಬಂಧವು ಪೂರ್ವಕಾಲದಿಂದ ಹೇಗೆ ನಡೆದುಬಂದಿತೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುವೆವು.

ಏಳನೆಯ ಶತಮಾನದ ಬಾಣಭಟ್ಟನು ಹರ್ಷಚರಿತದಲ್ಲಿ ಒಬ್ಬ ಯಮಪಟ್ಟಿಕನನ್ನು ವರ್ಣಿಸಿದ್ದಾನೆ. ತಂದೆಯ ಅಸ್ವಸ್ಥತೆಯ ವಾರ್ತೆ ತಿಳಿದು ಮರಳಿದ ಹರ್ಷನು ಪೇಟೆಯ ಬೀದಿಯಲ್ಲಿ ಆತನನ್ನು ಕಾಣುತ್ತಾನೆ. ಒಂದು ಕೈಯಲ್ಲಿ ಕೋಣವನ್ನೇರಿದ ಯಮನ ಪಟ, ಇನ್ನೊಂದರಲ್ಲಿ ಜೊಂಡಿನ ಕಡ್ಡಿ, ಸುತ್ತಲೂ ಕುತೂಹಲದ ಹುಡುಗರು. ಆತನು ಕಡ್ಡಿಯಿಂದ ತೋರಿಸುತ್ತ ಪರಲೋಕದ ವೃತ್ತಾಂತವನ್ನು ಹೇಳುತ್ತಿದ್ದನು. ಪಟ, ಕಡ್ಡಿ, ಮಾತು ಈ ಮೂರೂ ಕೂಡಿದರೆ ಮಾತ್ರ ಆ ಕಲೆಯು ಪೂರ್ಣವಾಗುವುದು.

ಮಾತನ್ನು ಬೇಕೆಂದೇ ಮರೆಮಾಡಿದ ಪಟವೊಂದು ನಮ್ಮ ಸಾಹಿತ್ಯದಲ್ಲಿದೆ. ಪಂಪನು ೯೪೧ರಲ್ಲಿ ರಚಿಸಿದ ಆದಿಪುರಾಣದಲ್ಲಿ ಶ್ರೀಮತಿಯು ತನ್ನ ಪೂರ್ವಜನ್ಮದ ವೃತ್ತಾಂತವನ್ನು ಪಟದಲ್ಲಿ ಬರೆಯುತ್ತಾಳೆ; ಆಪ್ತಳಾದ ಪಂಡಿತೆಯು ಅದನ್ನು ಜಿನಾಲಯದಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ತೆರೆದಿಡುತ್ತಾಳೆ. ಇದಕ್ಕೆ ಆಕರವಾದ ಜಿನಸೇನಾಚಾರ್ಯರ ಪೂರ್ವಪುರಾಣದಲ್ಲಿ, ಎಲ್ಲವನ್ನೂ ಬಲ್ಲೆವೆಂದು ನಟಿಸುತ್ತ ಬಂದವರು ಪಟದ ಗೂಢಾಂಶಗಳನ್ನು ಕೇಳಿದೊಡನೆ ನಿರುತ್ತರರಾಗುತ್ತಾರೆ. ಆ ಜನ್ಮವನ್ನು ಕೂಡಿ ಬಾಳಿದ ವಜ್ರಜಂಘನಿಗೆ ಮಾತ್ರ ಅದರ ಅರ್ಥವು ಹೊಳೆಯುವುದು. ಧ್ವನಿಯಿಲ್ಲದ ಚಿತ್ರಕ್ಕೆ ಯಾರು ಯಾವ ಕಥೆಯನ್ನಾದರೂ ಹೊಂದಿಸಬಹುದೆಂಬ ಎಚ್ಚರಿಕೆಯೂ ಈ ಪ್ರಸಂಗದಲ್ಲಿ ಅಡಗಿದೆ.

ಕೊಡಿಯಾಲ್‌ಬೈಲಿನ ಗೋಡೆಗಳಿಗೂ ಈ ಮಾತು ಸಲ್ಲುತ್ತದೆ. ಹಸಿ ಗಾರೆಯ ಭಿತ್ತಿಚಿತ್ರದ ಪದ್ಧತಿಯಲ್ಲಿ, ಒಂದು ದಿನದಲ್ಲಿ ಬರೆದು ಮುಗಿಸಬಹುದಾದಷ್ಟು ಗಾರೆಯನ್ನು ಮಾತ್ರ ಬಳಿಯುವರು. ಆದುದರಿಂದ ಗಾರೆಯ ಸಂದುಗಳನ್ನು ಪರೀಕ್ಷಿಸಿ, ಯಾವ ಭಾಗವು ಮೊದಲು, ಯಾವುದು ಅನಂತರ ಎಂದು ತಜ್ಞರು ಹೇಳಬಲ್ಲರು. ಕೈಯ ಕ್ರಮವು ಗಾರೆಯಲ್ಲಿ ಅಷ್ಟಿಷ್ಟು ಉಳಿಯುವುದು. ಬರೆಯುವಾಗ ಆಡಿದ ಮಾತು ಉಳಿಯದು.

ಈ ಕೊರತೆಯನ್ನು ತುಂಬಿದುದು ನಮ್ಮ ಕಾಲದ ಸಾಧನ. ಅಮೆರಿಕದಲ್ಲಿ ಸಲ್ಮಾನ್ ಖಾನರು ೨೦೦೪ರಲ್ಲಿ ದೂರದಲ್ಲಿದ್ದ ಬಂಧುವಿಗೆ ಗಣಿತವನ್ನು ಹೇಳಿಕೊಡಲಾರಂಭಿಸಿ, ೨೦೦೬ರಿಂದ ಪಾಠಗಳನ್ನು ಯೂಟ್ಯೂಬಿನಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಗುರುವಿನ ಮುಖವು ಕಾಣದು. ಕಪ್ಪು ಹಿನ್ನೆಲೆಯ ಮೇಲೆ ಮೂಡುವ ರೇಖೆ ಮತ್ತು ಅದರೊಡನೆ ನಡೆಯುವ ಮಾತು, ಇಷ್ಟೇ. ಯಮಪಟ್ಟಿಕನ ಕಡ್ಡಿ, ಪಟ, ಧ್ವನಿಗಳು ಇಲ್ಲಿ ಮತ್ತೆ ಒಂದಾಗಿವೆ. ವಿಶೇಷವೇನೆಂದರೆ, ಯಮಪಟ್ಟಿಕನ ಪಟವು ಮೊದಲೇ ಸಿದ್ಧವಾಗಿದ್ದಿತು. ಇಲ್ಲಿ ರೇಖೆಯು ಹುಟ್ಟುವ ಕ್ರಮವೂ ಮುದ್ರಿತವಾಗಿ, ವಿಚಾರವು ಬೆಳೆದ ಬಗೆಯನ್ನು ಕಾಣಿಸುವುದು.

ಈ ಸಾಧನವು ಇಂದು ಶಾಲೆಯ ಉಪಾಧ್ಯಾಯರ ಕೈಗೂ ಎಟಕುವಂತಿದೆ. ಅದನ್ನು ಹೊಸ ಪಾಠಗಳಿಗೆ ಮಾತ್ರ ಬಳಸಿದರೆ ಸಾಲದು. ತೊಗಲುಗೊಂಬೆಯನ್ನು ವಸ್ತುಸಂಗ್ರಹಾಲಯದಲ್ಲಿಟ್ಟು, ಅದನ್ನು ಆಡಿಸುತ್ತಿದ್ದವನ ಮಾತನ್ನು ಕಳೆದುಕೊಂಡರೆ ಉಳಿಯುವುದು ತೊಗಲು ಮಾತ್ರ. ಚಿತ್ರಗಳನ್ನು ಕಾಪಾಡುವವರು, ಅವನ್ನು ಬಲ್ಲವರನ್ನು ಎದುರಿಗೆ ನಿಲ್ಲಿಸಿ, ಬೆರಳು ತೋರುವ ಕ್ರಮದೊಡನೆ ಅವರ ವಿವರಣೆಯನ್ನೂ ಮುದ್ರಿಸಿಡುವುದು ಯುಕ್ತ. ಇಲ್ಲವಾದರೆ ಮುಂದಿನವರ ಪಾಲಿಗೆ ಉಳಿಯುವುದು ಪಂಡಿತೆ ತೆರೆದಿಟ್ಟಂತಹ ಪಟ; ಅದರ ಅರ್ಥವನ್ನು ಹೇಳಲು ವಜ್ರಜಂಘನು ಬರುವನೆಂಬ ಭರವಸೆಯಿಲ್ಲ.